ಶ್ರಾವಣದ ಕಡೇ ಸೋಮವಾರ

ಶುಂಠಿ ಹಳದಿ ತಿರುಗಿದ್ದನ್ನು ಮೊದಲು ಕಂಡವಳು ಚಿಕ್ಕನಿಂಗಮ್ಮನೇ. ಕಂಡು ನಾಲ್ಕು ದಿನವಾಗಿತ್ತು. ಬಚ್ಚಲ ನೀರು ಪಾತಿಗೆ ಇಳಿಯುವ ಕಡೆ ಮೂರು ಬುಡಗಳ ಕೆಳಗಿನ ಎಲೆಗಳು ಅಂಚಿನಿಂದ ಒಳಕ್ಕೆ ಬಣ್ಣಗೆಡುತ್ತ ಬಂದಿದ್ದವು. ಒಂದು ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದಳು ಅಷ್ಟೆ, ಎಳೆಯಲಿಲ್ಲ, ಅದು ತಾನಾಗಿಯೇ ಕೈಗೆ ಬಂತು. ಬುಡವೆಲ್ಲ ನೀರುನೀರು, ಕೊಳೆತ ನಾತ. ಅವಳು ಅದನ್ನು ಹಾಗೇ ಮತ್ತೆ ಮಣ್ಣಿಗೆ ಚುಚ್ಚಿ ನಿಲ್ಲಿಸಿ, ಅತ್ತಿತ್ತ ನೋಡಿ, ಸೆರಗಿಗೆ ಕೈ ಒರಸಿಕೊಂಡು ಒಳಗೆ ಬಂದುಬಿಟ್ಟಿದ್ದಳು. ಚುಚ್ಚಿ ನಿಲ್ಲಿಸಿದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಸತ್ತದ್ದನ್ನು ಬದುಕಿದೆ ಅಂತ ಯಾರಿಗೆ ತೋರಿಸಬೇಕಾಗಿತ್ತು? ಅತ್ತೆಯ ಕಿವಿಯಲ್ಲಿ ಹೇಳಿದಾಗ ದೊಡ್ಡಮಾದಮ್ಮ ಒಲೆಯ ಮುಂದೆ ಕೂತವಳು ತಿರುಗಿಯೂ ನೋಡದೆ, "ನೀನ್ ಕಂಡಿಲ್ಲ, ನಾನ್ ಕೇಳಿಲ್ಲ. ಸುಮ್ಗಿರು," ಅಂದಿದ್ದಳು. ಆ ಮಾತಿನಲ್ಲಿ 'ನೀನು', 'ನಾನು' ಎರಡೂ ಒಟ್ಟಿಗೆ ಬಂದದ್ದು ಚಿಕ್ಕನಿಂಗಮ್ಮನಿಗೆ ಎಷ್ಟೋ ಧೈರ್ಯ ಕೊಟ್ಟಿತ್ತು.

ಈಗ ಹಿತ್ತಲಲ್ಲಿ ಮಾವ ಕೂಗುತ್ತಿದ್ದ. "ಯಾರ್ ಕಾಲಿಟ್ಟವರು ಇಲ್ಲಿ? ಏಳಿ. ಈ ಪಾತಿಗ ಯಾರ್ ಕಾಲಿಟ್ಟವರು?" ಕೆಂಚಯ್ಯ ಕೂಗಿದರೆ ಮಾಂಬಳ್ಳಿಯ ಅರ್ಧ ಬೀದಿಗೆ ಕೇಳುತ್ತಿತ್ತು. ಆ ಪಾತಿ ಅವನ ಪ್ರಾಣ. ಭರಣಿ ಮಳೆಗೆ ಊರಿನವರೆಲ್ಲ ಹೊಲಕ್ಕೆ ಹೋದರೆ ಅವನು ಹಿತ್ತಲಲ್ಲಿ ಕೂತು ಶುಂಠಿ ಊರುವವನು. ಕೊಟ್ಟಿಗೆ ಗೊಬ್ಬರ, ಒಲೆಯ ಬೂದಿ, ಮೇಲೆ ಹೊಂಗೆ ಸೊಪ್ಪಿನ ಹೊದಿಕೆ. ದನಕ್ಕೆ ಹೊಟ್ಟೆಯುಬ್ಬರ ಬರಲಿ, ಮಗುವಿಗೆ ನೆಗಡಿಯಾಗಲಿ, ಬಾಣಂತಿಗೆ ಖಾರ ಅರೆಯಬೇಕಾಗಲಿ, ಜನ ಅವನ ಜಗಲಿಗೆ ಬರುತ್ತಿದ್ದರು. ಅವನು ಮಾರಿದವನಲ್ಲ. ಒಂದು ಬೆರಳಷ್ಟು ಮುರಿದು, ಮೂಸಿ, ಮೂಸಲು ಅವರಿಗೂ ಕೊಟ್ಟು, "ಎಂಗದ?" ಎಂದು ಕೇಳಿ, ಅವರು ಹೊಗಳಿದ ಮೇಲೆಯೇ ಕೈಗಿಡುತ್ತಿದ್ದ. ಮಧುವನಹಳ್ಳಿಯ ಅಳಿಯನ ಮೇಲೆ ಅವನಿಗಿದ್ದ ಹಗೆಯೂ ಇದರದ್ದೇ. ಹೋದ ವರ್ಷ ಊಟಕ್ಕೆ ಕೂತಾಗ ಆ ಅಳಿಯ ನಾಲ್ಕು ಜನರ ಎದುರಿಗೆ ಹಲ್ಲಿನ ಸಂದಿಯಿಂದ ಏನೋ ಎಳೆದು ತೆಗೆದು, "ಮಾವೋ, ನಿಮ್ ಶುಂಠಿ ಬರೀ ನಾರು ಕಣ್ರಿ, ಅಗ್ಗ ಒಸೀಬೋದು," ಎಂದು ನಕ್ಕಿದ್ದ. ಕೆಂಚಯ್ಯ ನಗಲಿಲ್ಲ. ಆ ಮನೆಗೆ ತನ್ನ ಹಿತ್ತಲಿಂದ ಒಂದು ಚೂರೂ ಹೋಗಕೂಡದು ಎಂದ. ಕೊಟ್ಟವರು, ಹೋದವರು ತಿರುಗಿ ಈ ಹೊಸಿಲು ತುಳಿಯಕೂಡದು ಎಂದ.

ಪಾತಿಗೆ ಅವನದೇ ಎರಡು ಕಟ್ಟಳೆ. ಎಲೆ ಒಣಗುವ ತನಕ ಯಾರೂ ಬುಡ ಕೆದಕಬಾರದು. ಹೊರಗಾದ ಹೆಂಗಸು ಅತ್ತ ಸುಳಿಯಬಾರದು. ಊರಲ್ಲಿ ಉಳಿದವರು ಶ್ರಾವಣದಲ್ಲಿ ಬುಡದ ಒಂದು ಮಗ್ಗುಲ ಮಣ್ಣು ಸರಿಸಿ, ಊರಿದ್ದ ಹಳೇ ಗೆಡ್ಡೆಯನ್ನು ಮುರಿದು ತೆಗೆದು ಮನೆಗೆ ಬಳಸಿಕೊಂಡು ಮಣ್ಣು ಮುಚ್ಚಿಬಿಡುತ್ತಾರೆ. ಮೇಲಿನ ಗಿಡ ತನ್ನ ಪಾಡಿಗೆ ಬೆಳೆಯುತ್ತದೆ. ತಾಯಿಗೆಡ್ಡೆ ತೆಗೆಯುವುದು ಅಂತಾರೆ ಅದಕ್ಕೆ. ಕೆಂಚಯ್ಯನಿಗೆ ಆ ಮಾತೇ ಆಗದು. "ಮಕ್ಳು ಕುಡೀತಾ ಇರುವಾಗ ತಾಯ ಎಳ್ದಾಕಾಕ ಆದದಾ?" ಅನ್ನುತ್ತಿದ್ದ.

"ಮಳ ಜಾಸ್ತಿಯಾಯ್ತು ಕಣ ಕೆಂಚಣ್ಣ," ಅಂತ ಬೇಲಿಯಾಚೆಯಿಂದ ಪಕ್ಕದ ಮನೆಯ ಮುತ್ತಯ್ಯ ಸಮಾಧಾನ ಹೇಳಿದ. ಅವನು ಯಾರ ಮನೆಯ ಗಲಾಟೆಗೂ ಮೊದಲು ಬರುವವನು, ಕಡೆಗೆ ಹೋಗುವವನು.

"ಮಳ ನಿನ್ ಇತ್ತಲ್ಗೂ ಉಯ್ದದಲ್ಲ, ನಿನ್ ಕುಂಬ್ಳ ಕೊಳ್ತದಾ? ಸುಮ್ಗಿರಪ್ಪ. ಇದು ಮೈಲ್ಗ. ಮೈಲ್ಗ ಅಲ್ದೆ ಇಂಗ್ ಸಾಯ್ಬೇಕಾದ್ರ..." ಕೆಂಚಯ್ಯ ಹೆಂಡತಿಯ ಕಡೆ ತಿರುಗಿದ. "ಏನಮ್ಮಿ, ನೀನೇ ಏಳು."

ಚಿಕ್ಕನಿಂಗಮ್ಮ ಬಾಗಿಲ ಮರೆಯಲ್ಲಿ ನಿಂತು ಅತ್ತೆಯ ಬೆನ್ನು ನೋಡುತ್ತಿದ್ದಳು. ಅಗಲವಾದ, ಬೆವರಿದ, ನಂಬಿಕೆಯ ಬೆನ್ನು. ಊರಿನ ಅರ್ಧ ಮಕ್ಕಳನ್ನು ಹಿಡಿದೆತ್ತಿದ ಸೂಲಗಿತ್ತಿಯ ಬೆನ್ನು. ಇವಳು ಏನಾದರೂ ಹೇಳಿ ಪಾರು ಮಾಡುತ್ತಾಳೆ ಎಂದುಕೊಂಡಳು. ಇಲಿ ಅನ್ನಬಹುದು. ಹೆಗ್ಗಣ ಅನ್ನಬಹುದು. ಹೆಗ್ಗಣ ಅಂದರೆ ನಗು ಬಂದುಬಿಡುತ್ತದೆ, ತಡೆದುಕೊಳ್ಳಬೇಕು, ಅಂತ ತುಟಿಯನ್ನೂ ಕಚ್ಚಿಕೊಂಡಳು.

"ನಾನ್ಯಾಕ್ ಸುಳ್ಳೇಳ್ಲಿ," ಅಂದಳು ದೊಡ್ಡಮಾದಮ್ಮ. "ಸ್ರಾವಣದ ಕಡೇ ಸ್ವಾಮಾರ ನೀನ್ ಮಾದಪ್ಪನ್ ಬೆಟ್ಟಕ್ ಓಗಿದ್ದಲ್ಲ, ಅವತ್ತು ಇವ್ಳು ಒರಗಾಗಿದ್ಲು. ಏಳ್ದೆ ಮುಚ್ಕಂಡು ಒಳಗೇ ತಿರುಗಾಡ್ಕಂಡಿದ್ಲು. ನೀರ್ ಕಟ್ಟಾಕ ಪಾತಿಗೂ ಓಗ್ಬುಟ್ಟಿದ್ಲು. ನಂಗೂ ಆಮ್ಯಾಲೇ ಗೊತ್ತಾದ್ದು. ಎಳೇದು, ತಿಳೀನಿಲ್ಲ, ಬುಡು ಅತ್ತಗ."

ಮಾತು ಅರ್ಥವಾಗುವುದಕ್ಕೆ ಮೊದಲು ಅದು ಬಂದ ದನಿ ಚಿಕ್ಕನಿಂಗಮ್ಮನಿಗೆ ತಟ್ಟಿತು. ಮಕ್ಕಳ ತಪ್ಪನ್ನು ದೊಡ್ಡವರು ಕ್ಷಮಿಸಿ ಹೇಳುವ ಮೃದುವಾದ ದನಿ. ಮುತ್ತಯ್ಯ ಮೆಲ್ಲಗೆ 'ಚೆ' ಅಂದ. ಕೆಂಚಯ್ಯ ಬಾಗಿಲ ಕಡೆ ನೋಡದೆ, ಹೆಂಡತಿಗೆ ಅಂತ ಹೇಳಿದ: "ಅದ್ಕೇ ಮತ್ತ. ಎರಡ್ ತಿಂಗ್ಳಿಂದ ಇವ್ಳು ಕೊಟ್ಗ ಮಗ್ಗುಲ್ಗ ಕೂತದ್ದ ನಾ ಕಾಣ್ನಿಲ್ಲ. ನಾ ಬ್ಯಾರೆ ಏನೋ ಅಂದ್ಕಂಡಿದ್ದಿ." ಅವನ ಮುಖದಲ್ಲಿ ಏನೋ ಒಂದು ಇದ್ದದ್ದು ಆಗ ಆರಿಹೋಯಿತು. ಅದು ಇತ್ತು ಅಂತಲೇ ಚಿಕ್ಕನಿಂಗಮ್ಮನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಮಾವ ಕಾಯುತ್ತಿದ್ದ. ಬಾಯಿ ಬಿಡದೆ, ಯಾರನ್ನೂ ಕೇಳದೆ, ಇವಳು ಹೊರಗೆ ಕೂರದ ದಿನಗಳನ್ನು ಎಣಿಸುತ್ತಿದ್ದ. "ಕೆಡಿಸ್ದವ್ಳೇ ಕಿತ್ತು ತಿಪ್ಪಗಾಕ್ಲಿ. ಆಮೇಲ್ ಮೂರ್ ದಿನ ಆಚ ಕೂತು ಮೈ ತೊಳ್ಕಂಡ್ ಬರ್ಲಿ," ಅಂದು ಹೊರಟುಹೋದ.

ಮಾವನ ಎದುರಿಗೆ ಸೊಸೆ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಆದರೆ ಅವಳು ಸುಮ್ಮನಿದ್ದದ್ದು ಪದ್ಧತಿಯಿಂದಲ್ಲ. ಅತ್ತೆ ಈಗ ತಿರುಗಿ ಕಣ್ಣು ಮಿಟುಕಿಸುತ್ತಾಳೆ, ಇದರ ಹಿಂದೆ ಏನೋ ಉಪಾಯವಿದೆ ಎಂದು ಕಾಯುತ್ತಿದ್ದಳು. ದೊಡ್ಡಮಾದಮ್ಮ ತಿರುಗಲಿಲ್ಲ. ಬಗ್ಗಿ ಕುಕ್ಕೆಯೊಂದನ್ನು ಪಾತಿಯ ಅಂಚಿಗೆ ತಳ್ಳಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಹನ್ನೊಂದು ಬುಡ ಕೀಳಬೇಕಾಯಿತು. ಒಂದೊಂದನ್ನು ಕಿತ್ತಾಗಲೂ ಗುಳಿಯೊಳಗೆ ಬೆರಳು ಆಡಿಸಿದಳು. ಪ್ರತಿಯೊಂದರ ಎಡ ಮಗ್ಗುಲಲ್ಲಿ ತಾಯಿಗೆಡ್ಡೆ ಇರಬೇಕಾದ ಜಾಗ ಖಾಲಿ. ಎಳೇ ಗೆಡ್ಡೆಯ ಮೇಲೆ ಅದನ್ನು ಕಿತ್ತ ಗಾಯ, ಅಲ್ಲಿಂದಲೇ ಹಿಡಿದ ಕೊಳೆ. ಮಾವ ಬೆಟ್ಟಕ್ಕೆ ಹೋಗಿದ್ದ ಆ ಸೋಮವಾರ ಅತ್ತೆ ಇಲ್ಲೇ ಕುಕ್ಕರುಗಾಲಲ್ಲಿ ಕೂತು ಬೆರಳಲ್ಲೇ ತಡವಿ, "ಇಲ್ಲದ, ಸಿಕ್ತು," ಅಂತ ಲಟಕ್ ಎಂದು ಮುರಿದದ್ದು ಕಿವಿಯಲ್ಲಿತ್ತು. ಅತ್ತೆಯ ಮಗಳು ಪುಟ್ಟಮಲ್ಲಮ್ಮ ಮಧುವನಹಳ್ಳಿಯಲ್ಲಿ ಹೆತ್ತು ಆಗ ಒಂಬತ್ತು ದಿನ. "ನಾನ್ ಊರೋರ್ ಬಾಣಂತೀರ್ಗೆಲ್ಲ ಕಾರ ಅರ್ದವ್ಳು, ನನ್ ಮಗಳ್ಗ ಬ್ಯಾಡ್ವಾ? ಈ ಮುದ್ಕನ್ ನಾರಿನ್ ಜಗಳ್ಕ ಬೆಂಕಿ ಬೀಳ," ಅಂದು ದೊಡ್ಡಮಾದಮ್ಮ ಅತ್ತಿದ್ದಳು, ಅಳುತ್ತಲೇ ನಕ್ಕಿದ್ದಳು, ಚಿಕ್ಕನಿಂಗಮ್ಮನೂ ನಕ್ಕಿದ್ದಳು. ಇಬ್ಬರೂ ಮಣ್ಣಿನ ಕೈಯಲ್ಲಿ, ಕದ್ದು ತಿನ್ನುವ ಹುಡುಗಿಯರ ಹಾಗೆ. ಮಳೆ ಬರುವಂತಿದೆ, ಗಾಯಕ್ಕೆ ನೀರು ಇಳಿದರೆ ಹೇಗೆ, ಅಂತ ಇವಳಿಗೆ ತೋರಿತ್ತು. ಹೇಳಲಿಲ್ಲ. ಆ ನಗುವನ್ನು ಕೆಡಿಸಲು ಮನಸ್ಸಾಗಲಿಲ್ಲ. ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಕೊಳ್ಳೇಗಾಲದ ಬಸ್ಸು ಹತ್ತುತ್ತಿದ್ದ ಬಳೆಗಾರನ ಕೈಗೆ ಕೊಟ್ಟು ಬಂದವಳೂ ಇವಳೇ. ಈಗ ಒಂದು ಬುಡವನ್ನು ಮಾವನ ಮುಂದೆ ಹಿಡಿದು ಗಾಯ ತೋರಿಸಿದರೆ ಸಾಕು, ಮುಟ್ಟಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಅವನಿಗೆ ಗೊತ್ತಾಗುತ್ತದೆ. ಆದರೆ ಕಿತ್ತವಳು ಯಾರು ಅಂತ ಕೇಳಿದರೆ? ಅತ್ತೆ ಇಷ್ಟು ಹೇಳಿದವಳು ಅದನ್ನೂ ಹೇಳುವುದಿಲ್ಲವೆ? ಬಳೆಗಾರ ನೋಡಿದ್ದು ಇವಳ ಮುಖವನ್ನೇ. ಕುಕ್ಕೆ ಹೊತ್ತು ತಿಪ್ಪೆಗೆ ಸುರಿದಳು. ಕೈಯ ನಾತ ಮೂರು ಸಲ ತೊಳೆದರೂ ಹೋಗಲಿಲ್ಲ.

ಕೊಟ್ಟಿಗೆಯ ಮಗ್ಗುಲಲ್ಲಿ ಹರಕು ಚಾಪೆ, ಒಂದು ಚೊಂಬು, ಒಂದು ಅಲ್ಯುಮಿನಿಯಂ ತಟ್ಟೆ. ಆರು ವರ್ಷದಲ್ಲಿ ಎಷ್ಟು ಸಲ ಇಲ್ಲಿ ಕೂತಿದ್ದಳು! ಕೂತಾಗಲೆಲ್ಲ ಬೀದಿಯಲ್ಲಿ ಹೋಗುವ ಹೆಂಗಸರು, "ಈ ತಿಂಗ್ಳೂನಾ?" ಎನ್ನುವಂತೆ ನೋಡಿ ಹೋಗುತ್ತಿದ್ದರು. ಎರಡು ತಿಂಗಳು ಈ ಚಾಪೆ ಸುತ್ತಿಕೊಂಡು ಮೂಲೆಯಲ್ಲಿ ನಿಂತದ್ದನ್ನು ಕಂಡರೇ ಅವಳಿಗೆ ಸುಖವಾಗುತ್ತಿತ್ತು. ಈಗ ಮೈಯಲ್ಲಿ ಇಲ್ಲದ ಮೈಲಿಗೆಗೆ ಅದೇ ಚಾಪೆಯ ಮೇಲೆ ಕೂತು, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡಳು. ನೀರು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, ಅಯ್ಯೋ ಪಾಪ ಎನ್ನುವ ಹಾಗೆ ನೋಡಿದಳು. ತನಗೂ ಒಂದು ಗಳಿಗೆ ತಾನು ನಿಜಕ್ಕೂ ಹೊರಗಾಗಿದ್ದೇನೆ ಅನ್ನಿಸಿತು. ಸೀರೆಯನ್ನು ಹಿಂದಿನಿಂದ ಎಳೆದು ನೋಡಿಕೊಂಡಳು. ನೋಡಿಕೊಂಡ ಮೇಲೆ ಕಣ್ಣು ತುಂಬಿತು.

ಅಲ್ಲಿಯೇ, ಯಾರೂ ಕೇಳದಿದ್ದರೂ, ಲೆಕ್ಕ ತಾನಾಗಿ ಶುರುವಾಯಿತು. ಗಂಡ ಮಹದೇವು ಸುವರ್ಣಾವತಿ ಡ್ಯಾಮಿನ ಕೆಲಸಕ್ಕೆ ಹೋದವನು ಶ್ರಾವಣ ಹುಟ್ಟುವ ಹಿಂದಿನ ದಿನ, ಭೀಮನ ಅಮಾವಾಸ್ಯೆಗೆ ಬಂದಿದ್ದ. ಮೂರು ದಿನ ಇದ್ದ. ಹೋದವನು ಮತ್ತೆ ಬಂದಿಲ್ಲ, ಇನ್ನು ಬರುವುದು ಮಾರ್ಲಮಿ ಹಬ್ಬಕ್ಕೆ. ಶ್ರಾವಣದಲ್ಲಿ ಒಂದು ಸಲ ತಪ್ಪಿತು, ಗೌರಿ ಹಬ್ಬ ಕಳೆದು ಇನ್ನೊಂದು ಸಲ ತಪ್ಪಿತು. ಹೊಟ್ಟೆಯಲ್ಲಿದ್ದದ್ದು ಭೀಮನ ಅಮಾವಾಸ್ಯೆಯದು. ಅದು ಅವಳಿಗೆ ಗೊತ್ತು, ಅತ್ತೆಗೆ ಗೊತ್ತು. ಆದರೆ ಶ್ರಾವಣದ ಕಡೇ ಸೋಮವಾರ ಅವಳು ಹೊರಗಾಗಿದ್ದಳು ಎಂದರೆ? ಭೀಮನ ಅಮಾವಾಸ್ಯೆಯದು ಏನೂ ನಿಂತಿರಲಿಲ್ಲ ಎಂದಾಯಿತು. ನಿಂತದ್ದು ಆಮೇಲೆ. ಆಮೇಲೆ ಗಂಡ ಊರಲ್ಲೇ ಇಲ್ಲ. ಅವಳು ಬೆರಳು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಎಲ್ಲಿಂದ ಎಣಿಸಿದರೂ ಮಗು ಯಾರದೂ ಅಲ್ಲದೆ ಉಳಿಯುತ್ತಿತ್ತು. ಪಾಪ, ಅತ್ತೆಗೆ ಇದು ಹೊಳೆಯಲಿಲ್ಲ, ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟಳು ಎಂದುಕೊಂಡಾಗ ಎದೆ ಸ್ವಲ್ಪ ಹಗುರಾಯಿತು. ಹೊಳೆದ ಕೂಡಲೇ ತಲೆ ಚಚ್ಚಿಕೊಂಡು ಓಡಿ ಬರುತ್ತಾಳೆ. ತವರು ಅಜ್ಜೀಪುರದಲ್ಲಿ ತಾಯಿ ಸತ್ತ ವರ್ಷ ಇವಳ ತಲೆಗೆ ಎಣ್ಣೆ ಹಾಕಿ ಮಡಿಲಲ್ಲಿ ಮಲಗಿಸಿಕೊಂಡವಳು ಅಲ್ಲವೇ ಅವಳು. ಶ್ರಾವಣ ಮುಗಿಯುತ್ತಿದ್ದಾಗ ಒಂದು ಬೆಳಿಗ್ಗೆ ಇದೇ ಕೊಟ್ಟಿಗೆಯಲ್ಲಿ ತನ್ನ ಜೊತೆ ಸಗಣಿ ಬಾಚುತ್ತಿದ್ದವಳನ್ನು ನಿಲ್ಲಿಸಿ, ಕೆಳ ರೆಪ್ಪೆ ಎಳೆದು ನೋಡಿ, ಕುತ್ತಿಗೆಯ ನರ ಮುಟ್ಟಿ ನೋಡಿ, ಕೈಯ ಸಗಣಿಯನ್ನೂ ಮರೆತು ಇವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಮಾದಪ್ಪ ಕಣ್ ಬುಟ್ಟ ಕನ ನನ್ ಕಂದಾ! ಯಾರ್ಗೂ ಏಳ್ಬ್ಯಾಡ. ಮಾವಂಗೂ ಏಳ್ಬ್ಯಾಡ, ಅಂವ ಬಂದ್ರ ಅವಂಗೂ ಏಳ್ಬ್ಯಾಡ. ಮೂರ್ ತುಂಬ್ಲಿ. ಅಲ್ಲಿಗಂಟ ನಿಂಗ, ನಂಗ, ಆ ಮಾದಪ್ಪಂಗ." ಮುಖಕ್ಕೆ ಹತ್ತಿದ ಸಗಣಿಯನ್ನು ಇಬ್ಬರೂ ಒರಸುತ್ತ ನಕ್ಕದ್ದೇ ನಕ್ಕದ್ದು.

ಮಧ್ಯಾಹ್ನ ಇಳಿದ ಮೇಲೆ ದೊಡ್ಡಮಾದಮ್ಮ ಊಟ ತಂದಳು. ಒಂದು ಮಾರು ದೂರದಲ್ಲಿ ನಿಂತು, ಸೆರಗು ತಾಗದಂತೆ ಹಿಂದಕ್ಕೆ ಒತ್ತಿ ಹಿಡಿದು, ಮುದ್ದೆಯನ್ನು ಮೇಲಿನಿಂದ ತಟ್ಟೆಗೆ ಬಿಟ್ಟಳು. ಅದು ಬಿದ್ದ ಸದ್ದಿಗೆ ಚಿಕ್ಕನಿಂಗಮ್ಮ ಬೆಚ್ಚಿದಳು. ಸುತ್ತ ಯಾರೂ ಇರಲಿಲ್ಲ. ನೋಡುವವರು ಯಾರೂ ಇಲ್ಲದಾಗಲೂ ಆ ದೂರ ಯಾಕೆ?

"ಉಣ್ಣವ್ವ. ಸೊಪ್ಪಿನ್ ಉದ್ಕ ಮಾಡಿವ್ನಿ. ಬಸ್ರಿಯಾದವ್ಳು ಅಸ್ಕಂಡಿರ್ಬಾರ್ದು."

"ಅತ್ತೆ," ಅಂದಳು ಚಿಕ್ಕನಿಂಗಮ್ಮ. "ಕಡೇ ಸ್ವಾಮಾರ ಅಂದ್ಬುಟ್ರಲ್ಲ. ಅವ್ರು ಬಂದೋಗಿದ್ದು ಬೀಮ್ನಮಾಸ."

ಈಗ ತಲೆ ಚಚ್ಚಿಕೊಳ್ಳುತ್ತಾಳೆ ಎಂದು ಅವಳ ಮುಖವನ್ನೇ ನೋಡಿದಳು. ದೊಡ್ಡಮಾದಮ್ಮ ಕುಕ್ಕರುಗಾಲಲ್ಲಿ ಕೂತು, ದನಿ ತಗ್ಗಿಸಿ, ಊರಿನ ಬಸಿರಿಯರಿಗೆಲ್ಲ ಹೇಳುವ ಅದೇ ಬೆಚ್ಚನೆಯ ಗುಟ್ಟಿನ ದನಿಯಲ್ಲಿ ಹೇಳಿದಳು. "ಗೊತ್ತದ ಕನವ್ವ, ನಾನ್ ಎಣಿಸ್ದೆ ಮಾತಾಡಿದ್ದೀನಾ? ಮಾರ್ಲಮಿ ಇನ್ನೆಷ್ಟ್ ದೂರ? ಎಂಟ್ ದಿನ. ಅಂವ ಬತ್ತನ, ನಾಕ್ ದಿನ ಇರ್ತನ. ಅಲ್ಲಿಂದ ಎಣಿಸ್ಕಂಡ್ರಾಯ್ತು. ಉಟ್ಟಾಗ ಏಳ್ ತಿಂಗಳ್ ಕೂಸು ಅಂತೀನಿ. ಇಡಿಯವ್ಳು ನಾನು, ಏಳವ್ಳು ನಾನು. ಯಾವನ್ ಕೇಳನು?"

"ತುಂಬ್ದ ಮೊಗಾನ ಏಳ್ ತಿಂಗ್ಳದು ಅಂದ್ರ ಜನ ಕಣ್ಣಿಲ್ದೋರಾ ಅತ್ತೆ?"

"ಜನ ಒಂದ್ ದಿನ ಆಡ್ಕತಾರ. ಆ ಮುದ್ಕ ನನ್ನ ಆಚ್ಗ ಆಕುದ್ರ ಸಾಯಗಂಟ ಆಚ್ಗೇ. ಈ ವಯಸ್ನಲ್ಲಿ ನಾನ್ ಎಲ್ಗೋಗ್ಲಿ? ನಿಂಗೇನು, ವಯಸದ, ಗಂಡ ಅವ್ನ. ಒಂದ್ ಮಾತ ನುಂಗ್ಕೋ ನನ್ ಕಂದಾ. ನಿನ್ ಎತ್ತವ್ಳಾಗಿದ್ರ ನುಂಗ್ತಿರ್ನಿಲ್ವಾ?" ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ಚಿಕ್ಕನಿಂಗಮ್ಮನಿಗೆ ಆ ನೀರೇ ಎಲ್ಲಕ್ಕಿಂತ ಕಷ್ಟವಾಯಿತು. ಅದು ಸುಳ್ಳಾಗಿದ್ದರೆ ಉಗಿದು ಎದ್ದುಬಿಡಬಹುದಾಗಿತ್ತು.

ನಾನ್ ಎಣಿಸ್ದೆ ಮಾತಾಡಿದ್ದೀನಾ? ಅತ್ತೆ ಹೋದ ಮೇಲೆ ಉಳಿದದ್ದು ಆ ಒಂದು ಮಾತು. ಹಾಗಾದರೆ ಬೆಳಿಗ್ಗೆ ಮಾವ ಕೇಳಿದಾಗ, ಬೆವರಿದ ಆ ಬೆನ್ನು ಸುಮ್ಮನೆ ನಿಂತಿದ್ದ ಆ ಒಂದು ಗಳಿಗೆಯಲ್ಲಿ, ಅವಳು ಎಣಿಸಿದ್ದಳು. ಒಂದು ಕಡೆ ತನ್ನ ಮನೆ, ಇನ್ನೊಂದು ಕಡೆ ಇವಳ ಹೊಟ್ಟೆಯಲ್ಲಿದ್ದದ್ದು. ಎಣಿಸಿಯೇ ಇವಳದನ್ನು ಬಿಟ್ಟುಕೊಟ್ಟಳು. ಇಲಿ ಅನ್ನಬಹುದಿತ್ತು. ಹೆಗ್ಗಣ ಅನ್ನಬಹುದಿತ್ತು. ಇಲಿಯಾದರೆ ಮಾವ ಬುಡ ಕೆದಕಿ ನೋಡುತ್ತಿದ್ದ. ಮೈಲಿಗೆ ಅಂದರೆ ಅವನು ಪಾತಿಯನ್ನು ಮುಟ್ಟುವುದಿಲ್ಲ. ಅದನ್ನೂ ಲೆಕ್ಕ ಹಾಕಿದ್ದಳೇನು? ಅವಳು ನುಂಗಿಕೊಂಡು ನೋಡಿದಳು. ಮಾರ್ಲಮಿಯ ತನಕ ಸುಮ್ಮನಿದ್ದು, ಮಹದೇವು ಬಂದಾಗ ಏನೂ ಇಲ್ಲದವಳಂತೆ ಪಕ್ಕದಲ್ಲಿ ಮಲಗಿ, ಆಮೇಲೆ ಒಂದು ದಿನ ನಾಚಿಕೆ ನಟಿಸಿ ಹೇಳಿ... ಮಹದೇವು ಮಾತು ಕಡಿಮೆಯವನು, ನಂಬುತ್ತಾನೆ. ನಂಬುತ್ತಾನೆ ಎಂಬುದೇ ಅವಳ ಗಂಟಲಲ್ಲಿ ಸಿಕ್ಕಿಕೊಂಡಿತು. ಅವನದೇ ಮಗುವನ್ನು ಅವನಿಗೆ ಕಳ್ಳಮಾಲಿನಂತೆ ದಾಟಿಸಬೇಕು. ಒಂದು ದಿನ ಯಾರೋ ಮುತ್ತಯ್ಯನಂಥವರು ಡ್ಯಾಮಿನ ಹತ್ತಿರ ಬೀಡಿ ಸೇದುತ್ತ, ಕಡೇ ಸೋಮವಾರದ ಮಾತನ್ನು ಆಡುತ್ತಾರೆ. ಮುದ್ದೆ ತಟ್ಟೆಯಲ್ಲಿ ಒಣಗಿ ಬಿರಿಯಿತು.

ದನ ಮನೆಗೆ ಬರುವ ಹೊತ್ತಿಗೆ ಜಗಲಿಯ ಮೇಲೆ ಕೆಂಚಯ್ಯ, ಮುತ್ತಯ್ಯ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. "ಬುಡು ಕೆಂಚಣ್ಣ, ಉಳ್ದವ್ಕೆ ಬೂದಿ ಆಕು, ಏಳ್ತವ," ಅಂತ ಮುತ್ತಯ್ಯ ಹೇಳುತ್ತಿದ್ದ. "ಎಂಗುಸ್ರು ಅಂದ್ಮ್ಯಾಲ ಇದ್ದದ್ದೇ. ನಮ್ಮನಲ್ಲಿ ಉಪ್ಪಿನ್ಕಾಯಿ ಗಡ್ಗೆ ಗಡ್ಗೇನೇ ಓಯ್ತು." ಚಿಕ್ಕನಿಂಗಮ್ಮ ಚಾಪೆಯಿಂದ ಎದ್ದಳು. ಎದ್ದದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ. ಅಂಗಳ ದಾಟಿದಳು. ಜಗಲಿಯ ಮೆಟ್ಟಿಲು ಹತ್ತಿದಳು. ಮುತ್ತಯ್ಯ ಗಕ್ಕನೆ ಕಾಲು ಮೇಲೆಳೆದುಕೊಂಡ. "ಏ ಏ ಏ, ಏನವ್ವ ಇದು, ಮುಟ್ಟಾದವ್ಳು!"

"ನಾನ್ ಮುಟ್ಟಾಗಿಲ್ಲ," ಅಂದಳು. ಮಾವನ ಎದುರಿಗೆ ಆರು ವರ್ಷದಲ್ಲಿ ಆಡಿದ ಮೊದಲ ಮಾತು. ದನಿ ಯಾರದೋ ಅನ್ನುವಷ್ಟು ದಪ್ಪಗೆ ಬಂತು. "ಇವತ್ತೂ ಆಗಿಲ್ಲ, ಕಡೇ ಸ್ವಾಮಾರವೂ ಆಗಿರ್ನಿಲ್ಲ. ಎರಡ್ ಸಲ ತಪ್ಪದ ಮಾವ. ನಾನು ಬಸ್ರಿ. ಮೂರ್ ತುಂಬಿಲ್ಲ ಅಂತ ಏಳಿರ್ನಿಲ್ಲ. ಅತ್ತೆಗ್ ಗೊತ್ತು. ಅತ್ತೇನೇ ನೋಡಿ ಏಳಿದ್ದು."

ಕೆಂಚಯ್ಯನ ಬಾಯಲ್ಲಿ ಎಲೆ ಹಾಗೇ ನಿಂತಿತು. ಬೆಳಿಗ್ಗೆ ಆರಿಹೋದದ್ದು ಅವನ ಮುಖದಲ್ಲಿ ಮತ್ತೆ ಏಳಲು ನೋಡಿತು. ಅವನು ಬಾಗಿಲ ಕಡೆ ತಿರುಗಿದ. ದೊಡ್ಡಮಾದಮ್ಮ ಅಲ್ಲಿ ಬಂದು ನಿಂತಿದ್ದಳು, ಕೈಯಲ್ಲಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದವಳು ಹಾಗೇ ಬಂದಿದ್ದಳು. ಊರಿನಲ್ಲಿ ಯಾರ ಮನೆಯ ತಿಂಗಳ ಲೆಕ್ಕಕ್ಕೂ ಅವಳ ಮಾತೇ ಕಡೆಯ ಮಾತು. ಅವಳು 'ಹೂಂ' ಅಂದರೆ ಸಾಕಿತ್ತು.

"ಏನಮ್ಮಿ? ಇವ್ಳು ಏಳದು ದಿಟ್ವಾ?"

ದೊಡ್ಡಮಾದಮ್ಮ ಸೊಸೆಯನ್ನು ನೋಡಿದಳು. ಬೇಡ ಅಂತ ಹೇಳಿದ್ದೆನಲ್ಲ, ಎನ್ನುವ ನೋವು ಆ ನೋಟದಲ್ಲಿತ್ತು, ಮೋಸ ಹೋದವಳು ತಾನೇ ಎನ್ನುವ ಹಾಗೆ. ಬತ್ತಿಯನ್ನು ಇನ್ನೊಂದು ಸುತ್ತು ಹೊಸೆದಳು.

"ನಾನೇನ್ ಕಂಡೆ ಕನಪ್ಪ," ಅಂದಳು. "ಅವಳ್ ಲೆಕ್ಕ ಅವಳ್ಗೇ ಗೊತ್ತು."

ಒಂದು ಎಮ್ಮೆ ಗಂಟೆ ಅಲ್ಲಾಡಿಸುತ್ತ ತಾನಾಗಿ ಕೊಟ್ಟಿಗೆ ಹೊಕ್ಕಿತು. ಮುತ್ತಯ್ಯ ಗಂಟಲು ಸರಿಮಾಡಿಕೊಂಡು, ಕೆಟ್ಟದ್ದೇನೂ ಮನಸ್ಸಿನಲ್ಲಿಲ್ಲದೆ, ಸುಮ್ಮನೆ ತಿಳಿದುಕೊಳ್ಳುವವನಂತೆ, "ಅಲ್ಲ, ಮಾದೇವು ಬಂದಿದ್ದು ಯಾವಾಗ?" ಅಂದ.

ಚಿಕ್ಕನಿಂಗಮ್ಮ ಅತ್ತೆಯನ್ನು ಬಿಟ್ಟು ಅವನ ಕಡೆ ತಿರುಗಿದಳು. "ಬೀಮ್ನಮಾಸ. ಮೂರ್ ದಿನ ಇದ್ರು. ಎಣಿಸಿ ಮುತ್ತಣ್ಣ. ಮಾವ, ನೀವೂ ಎಣಿಸಿ. ಎಣಿಸ್ಕಂಡು, ಅವ್ರು ಬಂದಾಗ ನೀವೇ ಏಳಿ."

ಮುತ್ತಯ್ಯನ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಮೆಲ್ಲಗೆ ಜರುಗತೊಡಗಿತು. ಕೆಂಚಯ್ಯ ಎರಡೂ ಕೈ ಮಡಿಲಲ್ಲಿಟ್ಟುಕೊಂಡಿದ್ದ. ಅವನ ತುಟಿ ಅಲ್ಲಾಡುತ್ತಿತ್ತು. ಅವರು ಎಣಿಸಿ ಮುಗಿಸುವ ತನಕ ಅವಳು ಕಂಬ ಹಿಡಿಯದೆ ಜಗಲಿಯ ನಡುವೆಯೇ ನಿಂತಳು.